ಜಿಪ್ಸಿಗೆ ರೋಟರಿ ತೂಗಿ ನೋಡಿ, ಬಲೆನೊ ಎಂಜಿನ್ ಕೂರಿಸಿದೆ

ಮಾರುತಿ ಜಿಪ್ಸಿಯಲ್ಲಿ ಹಳೆಯ ಬಲೆನೊ ಕಾರಿನ 1.6 ಲೀಟರ್ ಎಂಜಿನ್ ಕೂರುವುದಿಲ್ಲ, ಕೂತರೂ ಬಾನೆಟ್ ಮುಚ್ಚುವುದಿಲ್ಲ ಎಂದು ಬೆಳಗಾವಿಯ ಉದ್ಯಮಬಾಗದಲ್ಲಿ ನನಗೆ ಹೇಳದ ಮಿಸ್ತ್ರಿ ಇಲ್ಲ. ಈ ಮಳೆಗಾಲದಲ್ಲಿ ಅದೇ ಗಾಡಿ ಜಾಂಬೋಟಿ ಕಡೆಯ ಒಂದು ಖಾಸಗಿ ಜಮೀನಿನ ಕೆಂಪು ಜಾರು ಏರನ್ನು ಲೋ ರೇಂಜಿನ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರಿನ) ಎರಡನೇ ಗೇರಿನಲ್ಲಿ ಹತ್ತಿತು. ಬಾನೆಟ್ ಮುಚ್ಚಿಕೊಂಡೇ ಹತ್ತಿತು.

ಗಾಡಿಯ ಮಾಲೀಕರು ಮೊದಲು ಕೇಳಿದ್ದು ಮಾಜ್ದಾ ಕಂಪನಿಯ ರೋಟರಿ ಎಂಜಿನ್, 13ಬಿ. ಅದರಲ್ಲಿ ಪಿಸ್ಟನ್ ಇಲ್ಲ, ಅದರ ಬದಲು ಮುಮ್ಮೂಲೆಯ ರೋಟರುಗಳು ತಿರುಗುತ್ತವೆ. "ಮಿಸ್ತ್ರಿಯವರೇ, ಆಗುತ್ತದೋ ಇಲ್ಲವೋ ನೋಡಿ ಹೇಳಿರಿ, ಸುಮ್ಮನೆ ಆಗುವುದಿಲ್ಲ ಎನ್ನಬೇಡಿರಿ" ಎಂದರು. ಅವರ ಆಸೆಯಲ್ಲಿ ತಪ್ಪಿರಲಿಲ್ಲ. ಜಿಪ್ಸಿಯದು 1298 ಸಿಸಿ, ರೋಟರಿಯದು 1308. ಜಿಪ್ಸಿಯಲ್ಲಿ 80 ಅಶ್ವಶಕ್ತಿ, ಈ ರೋಟರಿ ಇರುವ ಮಾಜ್ದಾ ಆರ್‌ಎಕ್ಸ್-8 ಕಾರಿನಲ್ಲಿ 230ರ ಆಸುಪಾಸು. ಆದರೆ ಆ ಶಕ್ತಿ ಪೂರ್ತಿ ಸಿಗುವುದು ನಿಮಿಷಕ್ಕೆ 8500 ಸುತ್ತಿನ ಹತ್ತಿರ. ಕೆಸರಿನಲ್ಲಿ ನಮಗೆ ಬೇಕಾದದ್ದು 1500ರಿಂದ 2500ರ ನಡುವಿನ ಎಳೆತ.

ಅಷ್ಟಕ್ಕೇ ಕೈಬಿಡಲಿಲ್ಲ. ಅಳತೆಗಳನ್ನು ತರಿಸಿ, ಪ್ಲೈವುಡ್‌ನಲ್ಲಿ 13ಬಿಯ ಆಕಾರ ಮಾಡಿಸಿ, ಜಿಪ್ಸಿಯ ಎಂಜಿನ್ ಇಳಿಸಿ ಅದನ್ನು ತೂಗುಹಾಕಿದೆ. ಉದ್ದಕ್ಕೆ ಜಾಗವೋ ಜಾಗ. ತೊಂದರೆ ಬಂದದ್ದು ಕೆಳಗೆ. ನಮ್ಮ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ತಳದಲ್ಲಿರುತ್ತದೆ, ರೋಟರಿಯಲ್ಲಿ ಶಾಫ್ಟ್ ನಟ್ಟನಡುವೆ. ಗೇರ್‌ಬಾಕ್ಸನ್ನು ಇದ್ದ ಎತ್ತರದಲ್ಲೇ ಇಟ್ಟರೆ ಎಂಜಿನ್ನಿನ ಅರ್ಧ ಭಾಗ ಕೆಳಕ್ಕೆ ಜೋಲುತ್ತದೆ. ಜಿಪ್ಸಿಯ ಮುಂದಿನದು ಗಟ್ಟಿ ಆಕ್ಸಲ್, ಹೊಂಡಕ್ಕೆ ಬಿದ್ದಾಗ ಇಡಿಯಾಗಿ ಮೇಲಕ್ಕೆ ಬರುತ್ತದೆ. ಜ್ಯಾಕ್ ಕೊಟ್ಟು ಎತ್ತಿದೊಡನೆ ಪ್ಲೈವುಡ್ ಲಟಕ್ಕೆಂದಿತು.

ತೂಕದ ಲಾಭವಾದರೂ ಇದೆಯೇ ಎಂದು ಪಕ್ಕದ ಫೌಂಡ್ರಿಯ ಕಾಟಾದ ಮೇಲೆ ಜಿಪ್ಸಿ ಎಂಜಿನ್ ಇಟ್ಟು ನೋಡಿದೆ. ಅದರ ಬ್ಲಾಕ್ ಅಲ್ಯೂಮಿನಿಯಂ, ಮೊದಲೇ ಹಗುರ. ರೋಟರಿಯಲ್ಲಿ ಪಕ್ಕದ ಪ್ಲೇಟುಗಳೆಲ್ಲ ಬೀಡುಕಬ್ಬಿಣ. ಅದರ ಮೇಲೆ ಸೈಲೆನ್ಸರಿನ ವಿಪರೀತ ಕಾವು, ಎಂಜಿನ್ ಆಯಿಲ್ ಸುಡುವ ಹುಟ್ಟುಗುಣ, ರೋಟರಿನ ತುದಿಯ ಏಪೆಕ್ಸ್ ಸೀಲ್ ಹೋದರೆ ಪೂರ್ತಿ ಬಿಚ್ಚುವ ಕೆಲಸ. ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟನ್ನು ಎರಕ ಹೊಯ್ದು ಕೊಡುತ್ತೇನೆಂದು ಫೌಂಡ್ರಿಯ ಗೆಳೆಯ ಹುರುಪಿನಿಂದಲೇ ಇದ್ದ. ಆದರೆ ಎಂಜಿನ್ ತರಿಸುವುದರಲ್ಲೇ 5 ಲಕ್ಷ ದಾಟುವ ಲೆಕ್ಕ ಬಂತು. ಮಾಲೀಕರ ಮುಂದೆ ಚೀಟಿ ಇಟ್ಟೆ, ಅವರೇ ತಲೆಯಾಡಿಸಿದರು.

ಹಾಗಾಗಿ ಬಲೆನೊಗೆ ಬಂದೆವು. ಬಲೆನೊ ಎಂದರೆ 1999ರಲ್ಲಿ ಬಂದ ಹಳೆಯ ಸೆಡಾನ್. ಅದರ ಜಿ16ಬಿ ಎಂಜಿನ್ ನಮ್ಮ ಜಿಪ್ಸಿಯ ಜಿ13ರ ಮನೆತನದ್ದೇ, ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗ್ ಬೋಲ್ಟುಗಳು ಹೊಂದುತ್ತವೆ. ಬೋರ್ (ಸಿಲಿಂಡರಿನ ಅಗಲ) ಒಂದೇ ಮಿ.ಮೀ. ಹೆಚ್ಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಮಾತ್ರ 75.5ರಿಂದ 90 ಮಿ.ಮೀ.ಗೆ ಹೋಗುತ್ತದೆ. ನಮಗೆ ಬೇಕಾದ ಎಳೆತ ಇರುವುದು ಅಲ್ಲಿಯೇ. ಕೊಲ್ಹಾಪುರದಲ್ಲಿ ಇಸಿಎಂ (ಎಂಜಿನ್ನಿನ ಕಂಪ್ಯೂಟರ್), ವೈರಿಂಗ್ ಸಮೇತ 40 ಸಾವಿರದ ಹತ್ತಿರ ಸಿಕ್ಕಿತು. ಆಯಿಲ್ ಸಂಪ್ ಮತ್ತು ಸ್ಟ್ರೇನರ್ ಜಿಪ್ಸಿಯದನ್ನೇ ಹಾಕಬೇಕು, ಇಲ್ಲದಿದ್ದರೆ ಆಕ್ಸಲ್‌ಗೆ ತಾಗುತ್ತದೆ. ಯಾವ ಫ್ಲೈವೀಲ್ ಹಾಕಿದೆ, ಬಾನೆಟ್ ಮುಚ್ಚಲು ಎಲ್ಲಿ ಎಷ್ಟು ಇಳಿಸಿದೆ ಎಂಬುದನ್ನು ನನ್ನ ಶೆಡ್ಡಿನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ನಾನು ಬಹಳ ರಾತ್ರಿಗಳನ್ನು ಕೊಟ್ಟಿದ್ದೇನೆ.

ಕಾಡಿದ್ದು ಎರಡು. ಎಡಗಡೆಯ ಮೌಂಟ್ ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯಂತೆ ಸೀಳಿತು, ಮತ್ತೆ ಬೆಸೆದರೆ ಮತ್ತೆ ಸೀಳಿತು. 6 ಮಿ.ಮೀ. ಪ್ಲೇಟಿಗೆ ಮೂಲೆಗಳಲ್ಲಿ ತ್ರಿಕೋನ ಪಟ್ಟಿ ಕೊಟ್ಟ ಮೇಲೆ ನಿಂತಿತು. ಎರಡನೆಯದು ಕಾವು. ಲೋ ರೇಂಜಿನಲ್ಲಿ ಅರ್ಧ ಏರಿಗೇ ಸೂಜಿ ಕೆಂಪಿಗೆ ಹೋಗುತ್ತಿತ್ತು. ಥರ್ಮೋಸ್ಟಾಟ್ ಬದಲಿಸಿದೆ, ಎರಡು ಫ್ಯಾನ್ ಹಾಕಿದೆ, ಹಣ ಹೋದದ್ದೇ ಬಂತು. ಕೊನೆಗೆ ದಪ್ಪ ಕೋರಿನ ರೇಡಿಯೇಟರ್ ಕಟ್ಟಿಸಿದೆ, 9 ಸಾವಿರವಾಯಿತು. ನೀರಿನ ಪೈಪಿನ ದಾರಿಯನ್ನೂ ಬದಲಿಸಿದೆ. ಈಗ ಸೂಜಿ ನಡುವಿನಿಂದ ಕದಲುವುದಿಲ್ಲ.

ನಡುವೆ ಕ್ಲಚ್ ಒತ್ತಿ ಗಾಡಿ ನಿಲ್ಲಿಸಿದಾಗಲೆಲ್ಲ ಎಂಜಿನ್ ಆರುತ್ತಿತ್ತು. ಎಲ್ಲರೂ ಥ್ರಾಟಲ್ ಬಾಡಿಯನ್ನು ದೂರಿದರು. ಇಸಿಎಂಗೆ ವೇಗದ ಸಿಗ್ನಲ್ ಹೋಗುತ್ತಿರಲಿಲ್ಲ, ಆ ತಂತಿ ಸೇರಿಸಿದೊಡನೆ ಸರಿಹೋಯಿತು.

ಕೂಲಿ ಬಿಟ್ಟು ಒಟ್ಟು 1 ಲಕ್ಷ 10 ಸಾವಿರದ ಸುಮಾರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಒಪ್ಪಿಗೆ ಇಲ್ಲದೆ ಇಂಥ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲ, ಆದ್ದರಿಂದ ಜಮೀನಿಗೆ ಲಾರಿಯ ಮೇಲೆಯೇ ಒಯ್ಯುತ್ತೇವೆ. ಈಗ ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್ ಹಲ್ಲುಚಕ್ರ ಸಣ್ಣಗೆ ಗುಂಯ್ಗುಡುತ್ತಿದೆ. ದೀಪಾವಳಿ ಮುಗಿದ ಮೇಲೆ ಅದನ್ನು ಬಿಚ್ಚಬೇಕು.