ಹೇಂಟೆ ಮೊಟ್ಟೆ ನಿಲ್ಲಿಸಿದಾಗ: ಕರಾವಳಿಯ ಹಿತ್ತಿಲಿನಲ್ಲಿ ಮೊದಲು ನೋಡಬೇಕಾದವು

ಬೇಸಿಗೆ ಮುಗಿಯುವವರೆಗೂ ಸರಿಯಾಗಿ ಮೊಟ್ಟೆಯಿಡುತ್ತಿದ್ದ ಹೇಂಟೆಗಳು ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ನಿಲ್ಲಿಸಿಬಿಟ್ಟವು ಎಂಬ ದೂರು ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಪ್ರತಿ ಮಳೆಗಾಲವೂ ಕೇಳಿಬರುತ್ತದೆ. ಚಳಿ ದೇಶಗಳನ್ನು ಮನಸ್ಸಿನಲ್ಲಿಟ್ಟು ಬರೆದ ಕೈಪಿಡಿಗಳು ಹಗಲು ಕಿರಿದಾಗುವುದೇ ಇದಕ್ಕೆ ಮೊದಲ ಕಾರಣ ಎನ್ನುತ್ತವೆ. ಹೇಂಟೆ ಪೂರ್ಣ ಪ್ರಮಾಣದಲ್ಲಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆಗಳ ಬೆಳಕು ಬೇಕೆಂಬುದೂ ನಿಜ. ಆದರೆ ನಮ್ಮಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೇ ಸುಮಾರು 13 ಗಂಟೆ, ಡಿಸೆಂಬರಿನ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಕೆಳಗಿಳಿಯುವುದಿಲ್ಲ. ಆದ್ದರಿಂದ ಕರಾವಳಿಯಲ್ಲಿ ಮೊದಲು ಸಂಶಯಿಸಬೇಕಾದದ್ದು ಕತ್ತಲೆಯನ್ನಲ್ಲ, ತೇವವನ್ನು.

ಅದಕ್ಕೂ ಮೊದಲು ಹೇಂಟೆ ನಿಜವಾಗಿ ನಿಲ್ಲಿಸಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಗೂಡು ಒದ್ದೆಯಾದರೆ ಅದು ಹಟ್ಟಿಯ ಬೈಹುಲ್ಲಿನೊಳಗೋ ಕಟ್ಟಿಗೆ ರಾಶಿಯ ಹಿಂದೆಯೋ ಒಣ ಜಾಗ ಹುಡುಕಿಕೊಳ್ಳುತ್ತದೆ. ನಾನೂ ಒಮ್ಮೆ ಎರಡು ವಾರ ಒಂದು ಹೇಂಟೆಯನ್ನು ಅನುಮಾನಿಸಿ, ಕೊನೆಗೆ ಅದರ ಮೊಟ್ಟೆಗಳನ್ನೆಲ್ಲ ಹುಲ್ಲಿನೊಳಗೆ ಕಂಡಿದ್ದೇನೆ. ಸಂಜೆ ಗೂಡು ಸೇರಿದ ಕೋಳಿಯನ್ನು ಹಿಡಿದು, ಮೊಟ್ಟೆ ಬರುವ ದ್ವಾರದ ಇಬ್ಬದಿಯಲ್ಲಿರುವ ಮೊನೆಯಾದ ಎರಡು ಎಲುಬುಗಳ ನಡುವೆ ಬೆರಳಿಟ್ಟು ನೋಡಿರಿ. ಎರಡು ಮೂರು ಬೆರಳು ಹಿಡಿಸಿ, ದ್ವಾರ ಅಗಲವಾಗಿ ತೇವವಾಗಿದ್ದು, ಜುಟ್ಟು ಕೆಂಪಾಗಿದ್ದರೆ ಅದು ಮೊಟ್ಟೆಯಿಡುತ್ತಿದೆ ಎಂದರ್ಥ. ಒಂದೇ ಬೆರಳು ಹಿಡಿಸಿ, ದ್ವಾರ ಒಣಗಿ ಮುದುಡಿಕೊಂಡಿದ್ದರೆ ನಿಲ್ಲಿಸಿದೆ.

ನಿಲ್ಲಿಸಿದ್ದೆಲ್ಲ ರೋಗವಲ್ಲ. ಊರಕೋಳಿ ಹನ್ನೆರಡು ಹದಿನೈದು ಮೊಟ್ಟೆಯಿಟ್ಟ ಬಳಿಕ ಕಾವಿಗೆ ಕೂರುವುದು ಅದರ ಸ್ವಭಾವ. ಮರಿ ಬೇಡವಾದರೆ ತಳಕ್ಕೆ ಗಾಳಿಯಾಡುವಂತೆ ಎತ್ತರದಲ್ಲಿಟ್ಟ ಜಾಲರಿ ಗೂಡಿನಲ್ಲಿ, ಹುಲ್ಲು ಹಾಸದೆ, ಆಹಾರ ನೀರು ಕೊಟ್ಟು ಮೂರು ನಾಲ್ಕು ದಿನ ಇರಿಸಿದರೆ ಕಾವು ಇಳಿಯುತ್ತದೆ. ತಣ್ಣೀರಿನಲ್ಲಿ ಮುಳುಗಿಸುವ ಹಳೆಯ ರೂಢಿ ಮಳೆಗಾಲದಲ್ಲಿ ಹೊಸ ತೊಂದರೆಯನ್ನೇ ತರುತ್ತದೆ. ಗರಿ ಉದುರಿಸುವ ಹೇಂಟೆಯೂ ಎರಡು ಮೂರು ತಿಂಗಳು ಬಿಡುವು ಪಡೆಯುತ್ತದೆ.

ಇವೆರಡೂ ಅಲ್ಲವಾದರೆ ಆಹಾರದ ಚೀಲದೊಳಗೆ ಕೈಹಾಕಿ ಮೂಸಿ ನೋಡಿರಿ. ಮಳೆಗಾಲದ ಗಾಳಿಯಲ್ಲಿ ತೆಂಗಿನ ಹಿಂಡಿ, ಕಡಲೆಹಿಂಡಿ, ಜೋಳದ ನುಚ್ಚು ಬಹುಬೇಗ ಬೂಸ್ಟು ಹಿಡಿಯುತ್ತವೆ, ಮತ್ತು ಆ ಶಿಲೀಂಧ್ರ ಬಿಡುವ ಅಫ್ಲಟಾಕ್ಸಿನ್ ಎಂಬ ವಿಷವು ಕೋಳಿಯ ಯಕೃತ್ತನ್ನು ಕೆಡಿಸಿ, ಬೇರಾವ ಲಕ್ಷಣವೂ ಎದ್ದು ಕಾಣುವ ಮೊದಲೇ ಮೊಟ್ಟೆಯನ್ನು ಕಡಿಮೆ ಮಾಡುತ್ತದೆ. ಬಿಸಿಲಿಗೆ ಹಾಕಿದರೂ ಬೇಯಿಸಿದರೂ ಈ ವಿಷ ಹೋಗುವುದಿಲ್ಲವಾದ್ದರಿಂದ ಗಂಟುಕಟ್ಟಿದ, ಮುಗ್ಗಲು ವಾಸನೆಯ ಆಹಾರವನ್ನು ಎಸೆಯುವುದೇ ಸರಿ. ಹದಿನೈದು ದಿನಕ್ಕಾಗುವಷ್ಟನ್ನೇ ತಂದು, ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಮಣೆಯ ಮೇಲಿಡಬೇಕು.

ಎರಡನೆಯ ಪರೀಕ್ಷೆ ರಾತ್ರಿಯದು. ಕೆಂಪು ನುಸಿಗಳು ಹಗಲೆಲ್ಲ ಮರದ ಗೂಡಿನ ಸಂದುಗಳಲ್ಲಿ ಅಡಗಿದ್ದು ಕತ್ತಲಾದ ಮೇಲೆ ರಕ್ತ ಹೀರುವುದರಿಂದ, ಹಗಲಿನಲ್ಲಿ ಕೋಳಿಯ ಮೈಯನ್ನಷ್ಟೇ ನೋಡಿದವರಿಗೆ ಅವು ಕಾಣಸಿಗುವುದಿಲ್ಲ. ಜುಟ್ಟು ಬಿಳಿಚಿಕೊಂಡಿದ್ದರೆ, ಹೇಂಟೆ ಸಂಜೆ ಗೂಡಿಗೆ ಹೋಗಲು ಹಿಂಜರಿದರೆ, ಟಾರ್ಚ್ ಹಿಡಿದು ಕೋಳಿ ಕೂರುವ ಕೋಲಿನ ಅಡಿಭಾಗವನ್ನು ನೋಡಿರಿ. ಸಂದುಗಳಿಗೆ ಕುದಿಯುವ ನೀರು ಸುರಿದು, ಒಣಗಿದ ಮೇಲೆ ಸುಣ್ಣ ಬಳಿದು, ವಾರದ ನಂತರ ಮತ್ತೊಮ್ಮೆ ಹಾಗೆಯೇ ಮಾಡಬೇಕು, ಏಕೆಂದರೆ ಮೊದಲ ಸಲ ಉಳಿದ ತತ್ತಿಗಳು ಅಷ್ಟರಲ್ಲಿ ಒಡೆದಿರುತ್ತವೆ. ಮಾಡಿನಡಿ ಮಳೆ ತಾಗದ ಮೂಲೆಯಲ್ಲಿ ಒಲೆಬೂದಿ ಬೆರೆಸಿದ ಒಣ ಮಣ್ಣಿಟ್ಟರೆ ಕೋಳಿ ತಾನೇ ಹೊರಳಾಡಿ ಮೈ ಶುಚಿ ಮಾಡಿಕೊಳ್ಳುತ್ತದೆ. ಜಂತುಹುಳದ ಶಂಕೆಯಿದ್ದರೆ ಅದರ ಔಷಧವನ್ನು ಪಶುವೈದ್ಯರಿಂದ ಪ್ರಮಾಣ ತಿಳಿದು ಕೊಡಿರಿ. ಎಷ್ಟು ದಿನ ಮೊಟ್ಟೆ ತಿನ್ನಬಾರದೆಂಬುದನ್ನೂ ಕೇಳಿಕೊಳ್ಳಿರಿ.

ಮೊಟ್ಟೆ ಬರುತ್ತಿದ್ದರೂ ಚಿಪ್ಪು ತೆಳುವಾಗಿದ್ದರೆ ಸುಣ್ಣದ ಕೊರತೆಯಿರಬಹುದು. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕುಚ್ಚಲಕ್ಕಿ ಅನ್ನ, ತವುಡುಗಳಲ್ಲಿ ಅಷ್ಟು ಸಿಗದು. ಇದಕ್ಕೆ ಕ್ಯಾಲ್ಸಿಯಂ ಟಾನಿಕ್ಕಿನ ಬಾಟಲಿ ಕೊಳ್ಳುವ ಅಗತ್ಯವಿಲ್ಲ. ಸಾರಿಗೆ ತಂದ ಮರುವಾಯಿಯ (ಕಪ್ಪೆಚಿಪ್ಪಿನ) ಚಿಪ್ಪುಗಳನ್ನು ತೊಳೆದು, ಒಣಗಿಸಿ, ಅಕ್ಕಿಕಾಳಿನಷ್ಟು ಗಾತ್ರಕ್ಕೆ ಕುಟ್ಟಿ ಬೇರೆ ಗೆರಟೆಯಲ್ಲಿಟ್ಟರೆ ಸಾಕು. ಆಹಾರದಲ್ಲಿ ಬೆರೆಸಬಾರದು, ಹೆಚ್ಚಿನ ಸುಣ್ಣ ಮರಿಗಳ ಮೂತ್ರಪಿಂಡಕ್ಕೆ ಹಾನಿ.

ಹೇಂಟೆ ಬಾಲ ತಗ್ಗಿಸಿ, ತಿಣುಕುತ್ತ, ತೀರ ನಿಧಾನವಾಗಿ ನಡೆದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಹಿಂಭಾಗವನ್ನು ಕಾಲು ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿರಿಸಿ, ದ್ವಾರಕ್ಕೆ ತೆಂಗಿನೆಣ್ಣೆ ಸವರಿ, ಕತ್ತಲಿನ ಬೆಚ್ಚಗಿನ ಜಾಗದಲ್ಲಿ ಬಿಡಿರಿ; ಹೊಟ್ಟೆ ಒತ್ತಿ ಮೊಟ್ಟೆಯನ್ನು ಒಡೆಯಬೇಡಿರಿ. ಕೆಲವು ಗಂಟೆಗಳಲ್ಲಿ ಹೊರಬಾರದಿದ್ದರೆ ಪಶು ಆಸ್ಪತ್ರೆಗೆ ಒಯ್ಯಬೇಕು.

ಒಂದೆರಡು ದಿನದಲ್ಲಿ ಇಡೀ ಹಿಂಡಿನ ಮೊಟ್ಟೆ ನಿಂತು, ಹಸಿರು ಮಿಶ್ರಿತ ಬಿಳಿ ಹಿಕ್ಕೆ, ಏದುಸಿರು, ಕತ್ತು ತಿರುಚುವಿಕೆ ಕಂಡರೆ ಅದು ಕೊಕ್ಕರೆ ರೋಗ (ರಾಣಿಖೇತ್) ಎಂದೇ ಶಂಕಿಸಬೇಕು. ಇದು ವೈರಸ್‌ನಿಂದ ಬರುವ ರೋಗವಾದ್ದರಿಂದ ಅಂಗಡಿಯಿಂದ ತಂದ ಆಂಟಿಬಯೋಟಿಕ್ ಅದನ್ನು ಗುಣಪಡಿಸದು. ಅಂಕಕ್ಕೆ (ಕೋಳಿ ಕಾಳಗಕ್ಕೆ) ಹೋಗಿ ಮರಳಿದ ಹುಂಜ, ಸಂತೆಯಿಂದ ತಂದ ಹೇಂಟೆ ಇವೇ ಹೆಚ್ಚಾಗಿ ರೋಗವನ್ನು ಹೊತ್ತು ತರುವುದರಿಂದ ಹೊಸ ಕೋಳಿಯನ್ನು ಮೂರು ವಾರ ಬೇರೆಯಾಗಿಯೇ ಇಡಬೇಕು. ಲಸಿಕೆಯನ್ನು ಮರಿಯಿದ್ದಾಗ ಮೊದಲ ವಾರದಲ್ಲಿ ಕಣ್ಣಿಗೆ ಹನಿಯಾಗಿ, ಸುಮಾರು ಎಂಟನೆಯ ವಾರದಲ್ಲಿ ಚುಚ್ಚುಮದ್ದಾಗಿ ಹಾಕಿಸುವ ಪದ್ಧತಿಯಿದೆ. ಒಂದು ಬಾಟಲಿಯಲ್ಲಿ ಹಲವು ಕೋಳಿಗಳಿಗಾಗುವ ಮದ್ದಿದ್ದು, ಕಲಸಿದ ಒಂದೆರಡು ಗಂಟೆಗಳಲ್ಲಿ ಅದು ಮುಗಿಯಬೇಕಾದ್ದರಿಂದ ನೆರೆಮನೆಯವರೆಲ್ಲ ಒಂದೇ ಬೆಳಿಗ್ಗೆ ಸೇರಿ ಹಾಕಿಸುವುದು ಲೇಸು. ಸತ್ತ ಕೋಳಿಯನ್ನು ತೋಡಿಗೆ ಎಸೆಯದೆ ಬಾವಿಯಿಂದ ದೂರದಲ್ಲಿ ಆಳವಾಗಿ ಹೂತು, ಮೇಲೆ ಸುಣ್ಣ ಹಾಕಿ ಮಣ್ಣು ಮುಚ್ಚಬೇಕು. ಒಂದೇ ದಿನ ಹಲವು ಸತ್ತಿದ್ದರೆ ಅವುಗಳನ್ನು ಮುಟ್ಟುವ ಮೊದಲೇ ಪಶು ಆಸ್ಪತ್ರೆಗೆ ತಿಳಿಸಬೇಕು.