ಹಡಗು ಹತ್ತುವ ಮುಂಚೆ, ಇಳಿಯುವುದು ಹೇಗೆಂದು ಕೇಳಿ

ನಮ್ಮ ದೊಡ್ಡಪ್ಪ, ದೊಡ್ಡಮ್ಮ ಹೋದ ವರ್ಷ ಹಿಂದೂ ಮಹಾಸಾಗರದ ದ್ವೀಪದೇಶ ಸೆಶೆಲ್ಸ್‌ಗೆ ಹೋಗಿ ಬಂದರು. ದುಬೈಯಲ್ಲಿರುವ ಮಗ ಬುಕ್ ಮಾಡಿಸಿದ್ದ. ಅರವತ್ತು ಜನ ಹಿಡಿಯುವ ಪುಟ್ಟ ಹಡಗು, ಏಳು ರಾತ್ರಿ. ದಾವಣಗೆರೆಗೆ ವಾಪಸಾದ ಮೇಲೆ ಫೋಟೊ ನೋಡೋಣ ಅಂತ ಹೋದರೆ, ಮರಳಿನ ಮೇಲೆ ನಿಂತ ಒಂದೇ ಒಂದು ಫೋಟೊ ದೊಡ್ಡಮ್ಮನದಿಲ್ಲ. ಎಲ್ಲವೂ ಹಡಗಿನ ಕಂಬಿ ಹಿಡಿದು ನಿಂತದ್ದೇ.

"ಕಾಲಿಡಕ್ಕೆ ಧೈರ್ಯ ಆಗ್ಲಿಲ್ಲ ಕಣೋ. ಕೆಳಗಡೆ ಬೋಟು ಕುಣೀತಿತ್ತು. ಇಲ್ಲಿಂದ್ಲೇ ನೋಡ್ತೀನಿ, ನೀವು ಹೋಗ್ಬನ್ನಿ ಅಂದೆ" ಎಂದರು.

ದೊಡ್ಡಮ್ಮನ ಎರಡೂ ಮಂಡಿ ಸವೆದಿವೆ. ಕೋಲು ಹಿಡಿದರೆ ಸಪಾಟು ನೆಲದಲ್ಲಿ ಅರ್ಧ ಕಿಲೊಮೀಟರ್ ಆರಾಮಾಗಿ ನಡೆಯುತ್ತಾರೆ. ಬುಕ್ ಮಾಡಿಸಿದ ಏಜೆಂಟ್ 'ವೀಲ್‌ಚೇರ್ ಫ್ರೆಂಡ್ಲಿ ಸಾರ್' ಅಂದಿದ್ದನಂತೆ. ರೂಮಿನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಅಗಲದ ಬಾಗಿಲು, ಬಚ್ಚಲಲ್ಲಿ ಹಿಡಿಕೆ, ಎಲ್ಲ ಇತ್ತು. ಆದರೆ ಹೋಗಿದ್ದು ದ್ವೀಪ ನೋಡುವುದಕ್ಕೆ, ಬಚ್ಚಲು ನೋಡುವುದಕ್ಕಲ್ಲವಲ್ಲ.

ಇದೇ ಕತೆಯನ್ನು ಇನ್ನೂ ಎರಡು ಮನೆಗಳಲ್ಲಿ ಕೇಳಿದ್ದೇನೆ. ಎಲ್ಲರೂ ಊಟ ಸಸ್ಯಾಹಾರವಾ, ರೂಮಿಗೆ ಕಿಟಕಿ ಇದೆಯಾ ಅಂತ ಕೇಳುತ್ತಾರೆ. ಹಡಗಿನಿಂದ ನೆಲಕ್ಕೆ ಇಳಿಯುವುದು ಹೇಗೆ ಅಂತ ಒಬ್ಬರೂ ಕೇಳುವುದಿಲ್ಲ. ಕಾಲು, ಮಂಡಿ, ಸೊಂಟದ ತೊಂದರೆ ಇದ್ದವರು ಇಂಥ ಪ್ರವಾಸ ಆರಿಸುವಾಗ ಯಾವ ಕ್ರಮದಲ್ಲಿ ಹೋಗಬೇಕು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ನಿಮ್ಮ ಕಾಲಿನ ಲೆಕ್ಕ

'ಸ್ವಲ್ಪ ಮಂಡಿ ನೋವಿದೆ' ಅಂದರೆ ಹಡಗಿನವರಿಗೆ ಏನೂ ತಿಳಿಯುವುದಿಲ್ಲ. ವಿಮಾನದವರು ಈ ವಿಷಯದಲ್ಲಿ ಬುದ್ಧಿವಂತರು. ಅವರಲ್ಲಿ ಮೂರು ಗುರುತುಗಳಿವೆ. ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು ಅಂದರೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲು ಆಗದು, ಸೀಟಿನವರೆಗೆ ನಡೆಯಬಲ್ಲರು ಅಂದರೆ ಡಬ್ಲ್ಯುಸಿಎಚ್‌ಎಸ್. ನಡೆಯುವುದೇ ಆಗದು ಅಂದರೆ ಡಬ್ಲ್ಯುಸಿಎಚ್‌ಸಿ. ಹಡಗಿನವರಿಗೆ ಬರೆಯುವಾಗಲೂ ಇಷ್ಟೇ ಖಚಿತವಾಗಿ ಬರೆಯಿರಿ.

ಮನೆಯಲ್ಲೇ ನೋಡಿಕೊಳ್ಳಬಹುದು. ಕಂಬಿ ಹಿಡಿದು ಒಂದೇ ಸಲಕ್ಕೆ ಎಷ್ಟು ಮೆಟ್ಟಿಲು ಇಳಿಯಬಲ್ಲಿರಿ? ಹತ್ತುವುದಲ್ಲ, ಇಳಿಯುವುದು. ಸವೆದ ಮಂಡಿ ಇಳಿಯುವಾಗಲೇ ಜಾಸ್ತಿ ಕೈಕೊಡುತ್ತದೆ. ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನ ಮೊದಲ ಮೆಟ್ಟಿಲಿಗೆ ಯಾರೂ ಎತ್ತದೆ ಕಾಲಿಡಲು ಆಗುತ್ತದಾ? ಮಂಚದ ಅಂಚಿನಲ್ಲಿ ಕುಳಿತು ಎರಡೂ ಕಾಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿ ಹಾಕಲು ಬರುತ್ತದಾ? ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 'ಚಿತ್ರದುರ್ಗದ ಕೋಟೆ ಪೂರ್ತಿ ಹತ್ತಿದ್ದೆ' ಎಂಬ ಇಪ್ಪತ್ತು ವರ್ಷದ ಹಿಂದಿನ ಮಾತು ಇಲ್ಲಿ ನಡೆಯುವುದಿಲ್ಲ.

ಹರಿಹರದ ಕಡೆ ಹೊಳೆಯಲ್ಲಿ ಹರಿಗೋಲು ಹತ್ತಿದವರಿಗೆ ಒಂದು ಅನುಕೂಲ ಇದೆ. ಕಾಲಿಡುವ ಜಾಗವೇ ಜಾರಿಕೊಂಡು ಹೋಗುವುದು ಅಂದರೆ ಏನು ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಹಡಗಿನ ಗಾತ್ರ

ಸಣ್ಣ ಹಡಗು ಚೆಂದವೇ. ಸಾವಿರಾರು ಜನರ ದೊಡ್ಡ ಹಡಗು ಹೋಗಲಾರದ ಕೊಲ್ಲಿಗೆ ಹೋಗುತ್ತದೆ. ಎಲ್ಲಿಯೂ ಕ್ಯೂ ಇಲ್ಲ. ಎರಡನೇ ದಿನಕ್ಕೆ ಕೆಲಸದವರಿಗೆಲ್ಲ ನಿಮ್ಮ ಹೆಸರು ಗೊತ್ತಿರುತ್ತದೆ. ಆದರೆ ಹಡಗು ಚಿಕ್ಕದಾದಷ್ಟೂ ಲಿಫ್ಟ್ ಇರುವ ಸಾಧ್ಯತೆ ಕಡಿಮೆ, ಓಲಾಟ ಜಾಸ್ತಿ. ದ್ವೀಪಕ್ಕೆ ಪುಟ್ಟ ಬೋಟಿನಲ್ಲೇ ಹೋಗಬೇಕಾದ ದಿನಗಳೂ ಜಾಸ್ತಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ, 100 ಅಥವಾ ಹೆಚ್ಚು ಜನರನ್ನು ಹೊತ್ತು 3 ದಿನಕ್ಕಿಂತ ಜಾಸ್ತಿ ಅಂತರರಾಷ್ಟ್ರೀಯ ಯಾನ ಮಾಡುವ ಹಡಗಿನಲ್ಲಿ ಡಾಕ್ಟರ್ ಇರಲೇಬೇಕು. ಅದಕ್ಕಿಂತ ಕಡಿಮೆ ಜನ ಇದ್ದರೆ ಆ ಕಡ್ಡಾಯ ಇಲ್ಲ. ಬಿಪಿ, ಶುಗರ್, ಹೃದಯದ ಮಾತ್ರೆ ನುಂಗುವವರು ಇದನ್ನು ಕೇಳಿಯೇ ಮುಂದುವರಿಯಿರಿ.

ನನ್ನ ಮಟ್ಟಿಗೆ 100ರಿಂದ 300 ಪ್ರಯಾಣಿಕರ ಹಡಗು ಸರಿ. ನಲವತ್ತು ಜನರ ಐಷಾರಾಮಿ ಯಾಟ್ ಎಷ್ಟೇ ಚೆಂದ ಕಂಡರೂ, ಮೆಟ್ಟಿಲು ಇಳಿಯಲು ಕಷ್ಟ ಇರುವವರು ಅದರ ಸುದ್ದಿಗೆ ಹೋಗಬೇಡಿ.

ಹಡಗಿನಿಂದ ನೆಲಕ್ಕೆ: ಆಟ ಕೆಡುವುದೇ ಇಲ್ಲಿ

ದ್ವೀಪಕ್ಕೆ ಇಳಿಯಲು ಮೂರು ದಾರಿ. ಒಂದು, ಹಡಗು ನೇರ ಜೆಟ್ಟಿಗೆ ಕಟ್ಟಿ ನಿಲ್ಲುತ್ತದೆ. ಹಲಗೆಯಂಥ ಸೇತುವೆ ಹಾಕುತ್ತಾರೆ, ನಡೆದು ಇಳಿಯುವುದು. ಎರಡು, ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಪುಟ್ಟ ಬೋಟಿನಲ್ಲಿ ಜೆಟ್ಟಿಗೆ ಹೋಗುವುದು. ಮೂರು, ಹಡಗು ದೂರದಲ್ಲೇ, ಬೋಟು ಸೀದಾ ಮರಳಿಗೆ.

ಏಜೆಂಟರು ಒಂದನ್ನೂ ಎರಡನ್ನೂ ಕಲಸಿಬಿಡುತ್ತಾರೆ. 'ಆ ದ್ವೀಪದಲ್ಲಿ ಜೆಟ್ಟಿ ಇದೆಯಲ್ಲ ಸಾರ್' ಅನ್ನುತ್ತಾರೆ. ಇದೆ, ಸರಿ. ಸೆಶೆಲ್ಸ್‌ನ ಪ್ರಾಲಿನ್‌ನಲ್ಲೂ ಇದೆ, ಲಾ ಡೀಗ್‌ನಲ್ಲೂ ಇದೆ. ಆದರೆ ನಿಮ್ಮ ಹಡಗು ಅದಕ್ಕೆ ಕಟ್ಟಿ ನಿಲ್ಲುತ್ತದಾ, ಇಲ್ಲಾ ಹೊರಗೆ ನಿಂತು ಬೋಟು ಬಿಡುತ್ತದಾ? ಕೇಳಬೇಕಾದ ಪ್ರಶ್ನೆ ಇದು. ಪ್ರತಿ ದಿನದ ಎದುರು ಒಂದು, ಎರಡು, ಮೂರು ಅಂತ ನಂಬರ್ ಹಾಕಿಸಿಕೊಳ್ಳಿ.

ಈ ಬೋಟಿಗೆ ಟೆಂಡರ್ ಅನ್ನುತ್ತಾರೆ. (ನಮ್ಮ ಕಡೆ ಟೆಂಡರ್ ಅಂದರೆ ರಸ್ತೆ ಗುತ್ತಿಗೆ. ನಮ್ಮ ದೊಡ್ಡಪ್ಪ ಮೊದಲ ದಿನ 'ಯಾರ ಟೆಂಡರು' ಅಂತ ಕೇಳಿದ್ದರಂತೆ.) ಮುಚ್ಚಿದ ಗಟ್ಟಿ ಬೋಟಾದರೆ ಒಳಗೆ ಬೆಂಚು ಇರುತ್ತದೆ, ಕಾಲಿಡಲು ಸಪಾಟು ಅಂಚು ಇರುತ್ತದೆ. ತುಂಬ ಸಣ್ಣ ಹಡಗುಗಳಲ್ಲಿ ಜೋಡಿಯಾಕ್ ಎಂಬ ರಬ್ಬರ್ ಬೋಟು. ಅದರಲ್ಲಿ ಬೆಂಚೇ ಇಲ್ಲ, ಗಾಳಿ ತುಂಬಿದ ದಪ್ಪ ಅಂಚಿನ ಮೇಲೆ ಕುಳಿತು ಹಗ್ಗ ಹಿಡಿದುಕೊಳ್ಳಬೇಕು.

ಹಡಗಿನಿಂದ ಬೋಟಿಗೆ ದಾಟುವ ಹೆಜ್ಜೆ ಒಂದೇ ಒಂದು. ಆದರೆ ಬೋಟು ಅಲೆಯ ಜೊತೆ ಒಂದಡಿ ಮೇಲೆ, ಒಂದಡಿ ಕೆಳಗೆ ಆಡುತ್ತಲೇ ಇರುತ್ತದೆ. ಬೋಟು ಮೇಲೆ ಬಂದಾಗ ದಾಟಬೇಕು, ಕೆಳಗೆ ಇಳಿಯುತ್ತಿರುವಾಗ ಅಲ್ಲ. ಯಾವಾಗ ಅಂತ ನಾವಿಕ ಹೇಳುತ್ತಾನೆ. ಅವನು ಹೇಳುವವರೆಗೆ ಕಾಲು ಎತ್ತಬೇಡಿ, ಹೇಳಿದ ಮೇಲೆ ಯೋಚಿಸುತ್ತ ನಿಲ್ಲಬೇಡಿ. ಅರ್ಧ ಮನಸ್ಸಿನಲ್ಲಿ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟವರೇ ಬೀಳುವುದು. ಬೆರಳು ಬೆರಳು ಹಿಡಿದರೆ ಜಾರುತ್ತದೆ. ಅವನ ಮುಂಗೈಯನ್ನು ನೀವು, ನಿಮ್ಮ ಮುಂಗೈಯನ್ನು ಅವನು ಹಿಡಿಯಬೇಕು. ಎರಡೂ ಕೈ ಖಾಲಿ ಇರಲಿ. ಕೋಲು, ಚೀಲ, ಮೊಬೈಲು ಎಲ್ಲವನ್ನೂ ಮೊದಲೇ ದಾಟಿಸಿಬಿಡಿ.

ಹೆಜ್ಜೆ ಇರುವ ಜಾಗವನ್ನು ಮುಟ್ಟುವುದಕ್ಕೂ ಮೆಟ್ಟಿಲು ಇಳಿಯಬೇಕು ಅನ್ನುವುದು ಇನ್ನೊಂದು ತಲೆನೋವು. ಕೆಲವು ಹಡಗುಗಳಲ್ಲಿ ಪಕ್ಕದ ಗೋಡೆಯಲ್ಲೇ ಬಾಗಿಲು ತೆರೆಯುತ್ತದೆ. ಲಿಫ್ಟ್ ಅಲ್ಲಿಯವರೆಗೆ ಹೋಗುವಂತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಕೆಲವದರಲ್ಲಿ ಹಿಂಬದಿಯಲ್ಲಿ ನೀರಿನ ಮಟ್ಟಕ್ಕೆ ಕಟ್ಟೆಯಂಥ ಜಾಗ ಇರುತ್ತದೆ. ಇನ್ನು ಕೆಲವದರಲ್ಲಿ ಹೊರಗೋಡೆಗೆ ತೂಗುಬಿಟ್ಟ ಏಣಿ ಮೆಟ್ಟಿಲು. ನಮ್ಮ ದೊಡ್ಡಮ್ಮನಿಗೆ ಸಿಕ್ಕಿದ್ದು ಇದು. ಹದಿನಾಲ್ಕು ಮೆಟ್ಟಿಲು, ಒಂದೇ ಕಡೆ ಹಗ್ಗ, ಕೆಳಗೆ ನೋಡಿದರೆ ನೀರು.

ಇಳಿಯುವ ಕಡೆಗೆ ಬರೋಣ. ಕಾರ್ಯಕ್ರಮ ಪಟ್ಟಿಯಲ್ಲಿ ವೆಟ್ ಲ್ಯಾಂಡಿಂಗ್, ಡ್ರೈ ಲ್ಯಾಂಡಿಂಗ್ ಎಂಬ ಮಾತು ಬರುತ್ತದೆ. ವೆಟ್ ಅಂದರೆ ಬೋಟಿನ ಅಂಚಿನಲ್ಲಿ ಕುಳಿತು, ಎರಡೂ ಕಾಲನ್ನು ಆಚೆ ಹಾಕಿ, ಪಾದ ಮುಳುಗುವಷ್ಟೋ ಮೊಣಕಾಲು ಮುಳುಗುವಷ್ಟೋ ನೀರಿಗೆ ಇಳಿದು ದಡಕ್ಕೆ ನಡೆಯುವುದು. ಮಂಚದ ಮೇಲೆ ನೋಡಿಕೊಳ್ಳಿ ಅಂದದ್ದು ಇದಕ್ಕೇ. ಡ್ರೈ ಅಂದರೆ ಕಾಲು ನೆನೆಯುವುದಿಲ್ಲ, ಅಷ್ಟೇ. ಸುಲಭ ಅಂತ ಅರ್ಥ ಅಲ್ಲ! ಎಲ್ಲರೂ ಮೋಸ ಹೋಗುವುದು ಈ ಪದಕ್ಕೆ. ದಕ್ಷಿಣ ಅಮೆರಿಕದ ಪಶ್ಚಿಮದ ಕಡಲಿನಲ್ಲಿರುವ ಗಲಪಗೋಸ್‌ನ ಹೆನೊವೇಸಾ ದ್ವೀಪದಲ್ಲಿ ಪ್ರಿನ್ಸ್ ಫಿಲಿಪ್ ಮೆಟ್ಟಿಲು ಅಂತ ಒಂದು ಜಾಗ ಇದೆ. ಅದು ಡ್ರೈ ಲ್ಯಾಂಡಿಂಗ್. ಬೋಟಿನಿಂದ ಬಂಡೆಗೆ ಕಾಲಿಟ್ಟು ಕಡಿದಾದ ಕಲ್ಲು ದಾರಿ ಹತ್ತಬೇಕು. ಬಾರ್ತೊಲೊಮೆ ದ್ವೀಪದಲ್ಲೂ ಡ್ರೈ ಲ್ಯಾಂಡಿಂಗೇ, ಆಮೇಲೆ ತುದಿಯವರೆಗೆ 370ಕ್ಕೂ ಜಾಸ್ತಿ ಮರದ ಮೆಟ್ಟಿಲು. ಅದೇ ಗಲಪಗೋಸ್‌ನ ಸಾಂತಾ ಕ್ರೂಸ್ ದ್ವೀಪದಲ್ಲಿ ಊರಿನ ಕಟ್ಟೆಗೆ ಇಳಿದು, ಬಸ್ಸು ಹತ್ತಿ ಮೇಲಿನ ಹಸಿರು ಪ್ರದೇಶಕ್ಕೆ ಹೋಗಿ ದೈತ್ಯ ಆಮೆ ನೋಡಿಕೊಂಡು ಬರಬಹುದು. ಪಾಚಿ ಕಟ್ಟಿದ ಬಂಡೆಗಿಂತ ಮೆತ್ತನೆ ಮರಳಿನ ವೆಟ್ ಲ್ಯಾಂಡಿಂಗ್ ಎಷ್ಟೋ ಮಂಡಿಗಳಿಗೆ ಹಿತ.

ಜೆಟ್ಟಿಯಲ್ಲೂ ಉಬ್ಬರ ಇಳಿತ ನೋಡಬೇಕು. ನೀರು ಇಳಿದಾಗ ಪಾಚಿ ಹಿಡಿದ ಕೆಳಗಿನ ಮೆಟ್ಟಿಲುಗಳು ಹೊರಗೆ ಬರುತ್ತವೆ. ಹತ್ತಬೇಕಾದ್ದೂ ಜಾಸ್ತಿ ಆಗುತ್ತದೆ.

ವೀಲ್‌ಚೇರ್‌ನಲ್ಲೇ ಇರುವವರಿಗೆ ನೇರವಾಗಿ ಹೇಳಿಬಿಡುತ್ತೇನೆ. ಕುರ್ಚಿಯಲ್ಲಿ ಕೂತವರನ್ನು ಎತ್ತಿ ಬೋಟಿಗೆ ಇಳಿಸುವುದಿಲ್ಲ ಎಂಬ ನಿಯಮ ಎಷ್ಟೋ ಹಡಗುಗಳಲ್ಲಿದೆ. ಬ್ಯಾಟರಿ ಕುರ್ಚಿಯಂತೂ ಅದರ ಭಾರಕ್ಕೇ ಬೇಡ ಅನ್ನುತ್ತಾರೆ. 'ನಾಲ್ಕು ಜನ ಹುಡುಗರು ಇರ್ತಾರೆ, ಎತ್ಕೊಂಡು ಹೋಗ್ತಾರೆ' ಎಂಬ ಏಜೆಂಟರ ಮಾತು ನಂಬಬೇಡಿ. ನಂಬರ್ ಒಂದು, ಅಂದರೆ ಹಡಗೇ ಜೆಟ್ಟಿಗೆ ಕಟ್ಟುವ ದಿನಗಳು ಜಾಸ್ತಿ ಇರುವ ಪ್ರವಾಸವನ್ನೇ ಆರಿಸಿ.

ಇದನ್ನೆಲ್ಲ ಫೋನಿನಲ್ಲಿ ಕೇಳಬೇಡಿ, ಇಮೇಲ್ ಮಾಡಿ. ಬೋಟು ಹತ್ತುವ ಜಾಗಕ್ಕೆ ಎಷ್ಟು ಮೆಟ್ಟಿಲು, ಕಂಬಿ ಎರಡೂ ಕಡೆ ಇದೆಯಾ, ಲಿಫ್ಟ್ ಎಲ್ಲಿಯವರೆಗೆ, ಯಾವ ದಿನ ಯಾವ ರೀತಿ ಇಳಿಯುವುದು. ಜೊತೆಗೆ ಬೋಟು ಹತ್ತುವ ವಿಡಿಯೊ ಕಳಿಸಿ ಅಂತ ಕೇಳಿ. ಈಜುಕೊಳದ ವಿಡಿಯೊ ಕಳಿಸಿದರೆ ಆ ಹಡಗನ್ನು ಬಿಟ್ಟುಬಿಡಿ.

ಯಾವ ತಿಂಗಳು

ಅಲೆ ಕಡಿಮೆ ಇದ್ದರೆ ಆ ಒಂದು ಹೆಜ್ಜೆ ಅರ್ಧ ಸುಲಭ. ಸೆಶೆಲ್ಸ್‌ಗೆ ಏಪ್ರಿಲ್, ಇಲ್ಲವೇ ಅಕ್ಟೋಬರ್-ನವೆಂಬರ್. ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಆಗ್ನೇಯ ಗಾಳಿ ಬೀಸಿ ಕಡಲು ಒರಟು. ದೊಡ್ಡಮ್ಮ ಹೋಗಿದ್ದು ಜುಲೈನಲ್ಲಿ, ರೇಟು ಕಡಿಮೆ ಅಂತ. ಮಾಲ್ಡೀವ್ಸ್‌ಗೆ ಡಿಸೆಂಬರ್‌ನಿಂದ ಏಪ್ರಿಲ್. ಗಲಪಗೋಸ್‌ಗೆ ಡಿಸೆಂಬರ್‌ನಿಂದ ಮೇ.

ರೂಮು

ಟೇಪು ತೆಗೆದುಕೊಂಡು ವೀಲ್‌ಚೇರ್‌ನ ಅತಿ ಅಗಲದ ಜಾಗ ಅಳೆಯಿರಿ, ಕೈಯಲ್ಲಿ ತಳ್ಳುವ ಬಳೆ ಸೇರಿಸಿ. ಅದಕ್ಕೆ ಐದು ಸೆಂಟಿಮೀಟರ್ ಕೂಡಿಸಿ. ಬಾಗಿಲು ಅಷ್ಟು ಅಗಲ ಇರಬೇಕು. ಹಡಗಿನ ಬಾಗಿಲುಗಳಿಗೆ ಹೊಸಿಲು ಎತ್ತರ, ನೀರು ಒಳಗೆ ಬರದಿರಲಿ ಅಂತ. ಬಚ್ಚಲಿಗೂ ಇರುತ್ತದೆ. ನಮ್ಮ ಹಳೇ ಮನೆ ಹೊಸಿಲು ದಾಟಿ ಅಭ್ಯಾಸ ಇದೆ ಅನ್ನಬೇಡಿ, ಆ ಹೊಸಿಲು ಓಲಾಡುತ್ತಿರಲಿಲ್ಲ. ಓಲಾಟ ಕಡಿಮೆ ಬೇಕಾದರೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ರೂಮು ಒಳ್ಳೆಯದು. ಲಿಫ್ಟ್ ಇಲ್ಲದಿದ್ದರೆ ಮಾತ್ರ ಊಟದ ಮನೆ ಇರುವ ಅಂತಸ್ತಿನಲ್ಲೇ ತೆಗೆದುಕೊಳ್ಳಿ. ದಿನಕ್ಕೆ ಮೂರು ಸಲ ಹತ್ತಿಳಿಯುವುದಕ್ಕಿಂತ ಸ್ವಲ್ಪ ಓಲಾಡುವುದೇ ವಾಸಿ. ಅಂಗವಿಕಲರಿಗೆಂದೇ ಇರುವ ರೂಮು ಸಣ್ಣ ಹಡಗಿನಲ್ಲಿ ಒಂದೋ ಎರಡೋ ಇರುತ್ತದೆ, ಬೇಗ ಬುಕ್ ಮಾಡಿ.

ಅಂಗಡಿಯಲ್ಲಿ ಸಿಗುವ, ಗೋಡೆಗೆ ಒತ್ತಿದರೆ ಅಂಟುವ ರಬ್ಬರ್ ಹಿಡಿಕೆ ಮಾತ್ರ ಕೊಳ್ಳಬೇಡಿ. ತರಿತರಿ ಗೋಡೆಗೆ ಅದು ಹಿಡಿಯುವುದೇ ಇಲ್ಲ, ಭಾರ ಬಿಟ್ಟ ಕ್ಷಣ ಕಿತ್ತು ಬರುತ್ತದೆ. ಆ ದುಡ್ಡಿಗೆ ಕೋಲಿನ ಬುಡದ ಸವೆದ ರಬ್ಬರ್ ಬದಲಿಸಿ, ಹಿಮ್ಮಡಿಗೆ ಪಟ್ಟಿ ಇರುವ, ನೆನೆದರೂ ಜಾರದ ಚಪ್ಪಲಿ ತೆಗೆದುಕೊಳ್ಳಿ. ಹವಾಯಿ ಚಪ್ಪಲಿ ಮನೆಯಲ್ಲೇ ಇರಲಿ.

ಹತ್ತಿರದ್ದೇ ಸಾಕು ಅನ್ನುವವರಿಗೆ

ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಹಡಗು. ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸುವ 'ಸಮುದ್ರಂ' ಪ್ರವಾಸದಲ್ಲಿ ರಾತ್ರಿ ಹಡಗಿನಲ್ಲೇ, ಹಗಲು ದ್ವೀಪದಲ್ಲಿ. ಪ್ರವೇಶ ಪರ್ಮಿಟ್ ಬೇಕು. ಸುತ್ತ ಹವಳದ ದಿಬ್ಬ ಇರುವುದರಿಂದ ಹಲವು ಕಡೆ ಹಡಗು ಹೊರಗೇ ನಿಂತು ಬೋಟಿನಲ್ಲಿ ದಾಟಿಸುತ್ತಾರೆ. ಮೇಲೆ ಹೇಳಿದ್ದೆಲ್ಲ ಇಲ್ಲಿಗೂ ಅನ್ವಯ. ಮಂಡಿಗೆ ಬೋಟು ಬೇಡವೇ ಬೇಡ ಅಂದರೆ ಅಂಡಮಾನ್ ನೋಡಿ. ಕ್ರೂಸ್ (ಹಡಗಿನಲ್ಲೇ ಉಳಿದು ಸುತ್ತುವ ಪ್ರವಾಸ) ಅಲ್ಲ ನಿಜ, ಆದರೆ ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಹೋಗುವ ಫೆರಿಗಳು ಎರಡೂ ಕಡೆ ಜೆಟ್ಟಿಗೇ ಕಟ್ಟುತ್ತವೆ. (ಸರ್ಕಾರಿ ಕಾಗದದಲ್ಲಿ ಈಗ ಇವು ಶ್ರೀ ವಿಜಯಪುರಂ, ಸ್ವರಾಜ್ ದ್ವೀಪ.) ನಮ್ಮ ದೊಡ್ಡಮ್ಮನಿಗೆ ಈ ಸಲ ಅಲ್ಲಿಗೇ ಟಿಕೆಟ್ ನೋಡುತ್ತಿದ್ದೇನೆ.

ಉಳಿದದ್ದು

ವಿಮೆಯಲ್ಲಿ ಹಳೇ ಕಾಯಿಲೆಗಳನ್ನು ಮುಚ್ಚಿಡಬೇಡಿ. ವಾಂತಿ ಮಾತ್ರೆ ಡಾಕ್ಟರನ್ನು ಕೇಳಿಯೇ ನುಂಗಿ. ಎಷ್ಟೋ ಮಾತ್ರೆಗಳು ಮಂಪರು ತರುತ್ತವೆ, ಮಂಪರಿನಲ್ಲಿ ಬೋಟು ಹತ್ತುವುದು ಅಪಾಯ.

ಹಡಗಿನವರ ಇಮೇಲ್ ಉತ್ತರವನ್ನು ಪ್ರಿಂಟ್ ತೆಗೆದು ಕೈಚೀಲದಲ್ಲಿಡಿ. ಹತ್ತಿದ ದಿನವೇ ಬೋಟು ನೋಡಿಕೊಳ್ಳುವ ನಾವಿಕ ಯಾರು ಅಂತ ಕೇಳಿ, ಅದನ್ನು ತೋರಿಸಿ, ನಡೆದು ತೋರಿಸಿ. ಎಲ್ಲರೂ ಹೋದ ಮೇಲೆ ಕೊನೆಯ ಬೋಟಿನಲ್ಲಿ ನಮ್ಮನ್ನು ಕಳಿಸಿ ಅಂತ ಹೇಳಿಬಿಡಿ. ಹಿಂದೆ ಯಾರೂ ನಿಂತಿರದಿದ್ದರೆ ಅವಸರ ಮಾಡುವವರೂ ಇರುವುದಿಲ್ಲ.