ಒಂದೇ ಗಿಡದ ಮುಂದೆ ಹತ್ತು ನಿಮಿಷ: ಕೈತೋಟಕ್ಕೆ ಬರೋ ಜೇನು, ದುಂಬಿ, ಚಿಟ್ಟೆಗಳನ್ನ ಗಮನಿಸೋದು ಹೇಗೆ?

ಗಿಡಕ್ಕೆ ನೀರು ಹಾಕೋಕೆ ದಿನಾ ಹೋಗ್ತೀವಿ, ಒಣಗಿದ ಎಲೆ ಕೀಳ್ತೀವಿ, ಮೊಗ್ಗು ಬಿಟ್ಟಿದ್ಯಾ ಅಂತ ನೋಡ್ತೀವಿ, ಐದು ನಿಮಿಷಕ್ಕೆ ವಾಪಸ್ ಒಳಗೆ. ಆ ಐದು ನಿಮಿಷದಲ್ಲಿ ನಾವು ಓಡಾಡೋದಕ್ಕೆ, ಪೈಪಿನ ನೀರು ಬೀಳೋದಕ್ಕೆ ಹೆದರಿ ಹೂವಿನ ಮೇಲಿದ್ದೋರೆಲ್ಲ ಎದ್ದು ಹೋಗಿರ್ತಾರೆ, ಅದಕ್ಕೇ ನಮಗೆ ಗಿಡಗಳು ಮಾತ್ರ ಕಾಣ್ಸೋದು. ನಾನೂ ತುಂಬಾ ವರ್ಷ ಹೀಗೇ ನೋಡಿದೋಳು. ಒಂದು ಸಲ ಸುಮ್ನೆ ಕೂತು ನೋಡಿದ್ಮೇಲೆ ಗೊತ್ತಾಯ್ತು, ಇರೋ ನಾಲ್ಕು ಕುಂಡಕ್ಕೂ ಎಷ್ಟೊಂದು ಜನ ಬಂದು ಹೋಗ್ತಾರೆ ಅಂತ.

ಮೊದಲು ಒಂದು ಗಿಡ ಆರಿಸ್ಕೊಳ್ಳಿ

ಇಡೀ ತೋಟ ಸುತ್ತಬೇಡಿ. ಹೂವು ಬಿಟ್ಟಿರೋ ಒಂದೇ ಗಿಡ ಸಾಕು. ದಳ ಮೇಲೆ ದಳ ತುಂಬ್ಕೊಂಡು ದಪ್ಪಗಿರೋ ಅಲಂಕಾರದ ಹೂವಿಗಿಂತ, ಒಂದೇ ಸುತ್ತು ದಳ ಇದ್ದು ನಡುವಿನ ಕೇಸರ ಚೆನ್ನಾಗಿ ಕಾಣೋ ಹೂವು ಒಳ್ಳೇದು, ಯಾಕಂದ್ರೆ ದಪ್ಪ ಹೂಗಳಲ್ಲಿ ಎಷ್ಟೋ ಸಲ ಮಕರಂದ ಇರಲ್ಲ, ಇದ್ರೂ ಅಲ್ಲಿಗೆ ನುಗ್ಗೋಕೆ ಜಾಗ ಇರಲ್ಲ. ತುಳಸಿ ಜಾತಿಯ ಗಿಡ, ಸೂರ್ಯಕಾಂತಿ, ಕುಂಬಳ, ಟೊಮೆಟೊ, ಬದನೆ ಯಾವುದಾದ್ರೂ ಆಗುತ್ತೆ.

ಹೊತ್ತು ಮುಖ್ಯ. ಬಿಸಿಲು ಬಂದು ಗಾಳಿ ಜೋರಾಗೋ ಮುಂಚಿನ ಬೆಳಗ್ಗೆ ಚೆನ್ನಾಗಿರುತ್ತೆ. ಕುಂಬಳದ ಹೂವಂತೂ ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುದುಡ್ಕೊಳ್ಳುತ್ತೆ, ತಡವಾಗಿ ಎದ್ದು ಹೋದ್ರೆ ಅಲ್ಲಿ ನೋಡೋಕೆ ಏನೂ ಉಳಿದಿರಲ್ಲ. ಇನ್ನೊಂದು ವಿಷ್ಯ, ನಿಮ್ಮ ನೆರಳು ಹೂವಿನ ಮೇಲೆ ಬೀಳದ ಹಾಗೆ ಕೂತ್ಕೊಳ್ಳಿ. ನೆರಳು ಸರಿದ ತಕ್ಷಣ ಹಾರಿಬಿಡ್ತಾವೆ. ಮೊದಲ ಎರಡು ಮೂರು ನಿಮಿಷ ಏನೂ ಬರದೇ ಇರಬಹುದು, ಏಳಬೇಡಿ.

ಬಂದೋರು ಯಾರು ಅಂತ ಗುರುತು ಹಿಡಿಯೋದು

ಹಳದಿ ಕಪ್ಪು ಪಟ್ಟಿ ಇರೋದೆಲ್ಲ ಜೇನಲ್ಲ. ಗಾಳೀಲಿ ಒಂದೇ ಕಡೆ ಕಟ್ಟಿ ಹಾಕಿದ ಹಾಗೆ ನಿಂತು, ಸರಕ್ಕಂತ ಪಕ್ಕಕ್ಕೆ ಜಾರೋದು ಹೆಚ್ಚಾಗಿ ಒಂಥರಾ ಹೂನೊಣ, ಅದು ಕುಟುಕೋದೇ ಇಲ್ಲ, ಹಕ್ಕಿಗಳಿಂದ ತಪ್ಪಿಸ್ಕೊಳ್ಳೋಕೆ ಜೇನಿನ ವೇಷ ಹಾಕಿರುತ್ತೆ ಅಷ್ಟೆ. ನೊಣಕ್ಕೆ ರೆಕ್ಕೆ ಎರಡು, ಜೇನಿಗೆ ನಾಲ್ಕು, ಆದ್ರೆ ಹಾರ್ತಿರೋವಾಗ ರೆಕ್ಕೆ ಎಣಿಸೋಕಾಗಲ್ಲ, ಕೂತಾಗ ಮುಖ ನೋಡಿ: ನೊಣದ ಕಣ್ಣು ಮುಖ ತುಂಬಾ ಇರುತ್ತೆ, ಮೀಸೆ ಇದ್ಯೋ ಇಲ್ವೋ ಅನ್ನೋಷ್ಟು ಚಿಕ್ಕದು. ಜೇನಿನ ಮೀಸೆ ಉದ್ದ, ಮಣಿದಿರುತ್ತೆ. ಕಣಜಕ್ಕೆ ಸೊಂಟ ದಾರದ ಹಾಗೆ ಸಣ್ಣ, ಮೈ ನುಣುಪು. ಜೇನಿನ ಮೈಮೇಲೆ ರೋಮ ಇರುತ್ತೆ, ಪರಾಗ ಅಂಟ್ಕೊಳ್ಳೋದು ಅದಕ್ಕೇ.

ಆಮೇಲೆ ಹಿಂಗಾಲು ನೋಡಿ. ಗೂಡು ಕಟ್ಟಿ ಒಟ್ಟಿಗಿರೋ ಜೇನು ಪರಾಗವನ್ನ ಮಕರಂದದಲ್ಲಿ ಕಲಸಿ ಹಿಂಗಾಲಿನ ಬುಟ್ಟಿಗೆ ಉಂಡೆ ಮಾಡಿ ಮೆತ್ಕೊಂಡಿರುತ್ತೆ, ಉಂಡೆ ಬಣ್ಣ ಒಂದೊಂದು ಹೂವಿಗೆ ಒಂದೊಂದು. ಒಂದು ಸುತ್ತಿಗೆ ಹೊರಟ ಜೇನು ಸಾಮಾನ್ಯವಾಗಿ ಒಂದೇ ಜಾತಿ ಹೂವಿಗೆ ಹೋಗುತ್ತೆ, ಪಕ್ಕದಲ್ಲೇ ಬೇರೆ ಹೂವಿದ್ರೂ ಬಿಟ್ಟು ಮುಂದಿನ ಅದೇ ಹೂವಿಗೆ ಹಾರೋದನ್ನ ನೀವೇ ನೋಡಬಹುದು. ಬೆಳಗ್ಗೆ ಒಂದೇ ಜೇನಿದ್ದ ಗಿಡಕ್ಕೆ ಸ್ವಲ್ಪ ಹೊತ್ತಲ್ಲಿ ಹತ್ತು ಬಂದ್ರೆ, ಮೊದಲು ಬಂದಿದ್ದು ಗೂಡಿಗೆ ಹೋಗಿ ಕುಣಿದು ದಾರಿ ಹೇಳಿರೋ ಸಾಧ್ಯತೆ ಇದೆ. ಆ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಸಿಕ್ತು.

ಆದ್ರೆ ಜೇನು ಅಂದ್ರೆ ಗೂಡು, ತುಪ್ಪ ಅಂತಷ್ಟೇ ಅಂದ್ಕೋಬೇಡಿ. ಪ್ರಪಂಚದಲ್ಲಿ ಗುರುತಿಸಿರೋ ಜೇನಿನ ಜಾತಿಗಳು 20,000ಕ್ಕೂ ಜಾಸ್ತಿ, ಅದರಲ್ಲಿ ಬಹುಪಾಲು ಒಂಟಿ. ಒಂದೊಂದು ಹೆಣ್ಣೂ ತಾನೇ ಗೂಡು ಮಾಡಿ, ತಾನೇ ಬುತ್ತಿ ಕೂಡಿಟ್ಟು, ಮೊಟ್ಟೆ ಇಟ್ಟು ಬಾಗಿಲು ಮುಚ್ಚಿ ಹೋಗುತ್ತೆ.

ನಮ್ಮ ಗುಲಾಬಿ ಗಿಡದ ಎಲೆಗಳ ಅಂಚಲ್ಲಿ ಅರ್ಧ ಚಂದ್ರದ ಹಾಗೆ ತುಂಡು ಮಾಯ ಆಗ್ತಿತ್ತು, ಕತ್ತರೀಲಿ ಕತ್ತರಿಸಿದಷ್ಟು ನೀಟಾಗಿ. ಏನೋ ಹುಳ ತಿಂತಿದೆ ಅಂತ ಹೆದರಿ ಔಷಧಿ ಹೊಡೆದೆ. ಆಮೇಲೆ ಒಂದು ದಿನ ಕೂತು ನೋಡ್ತಿದ್ದಾಗ ಕಂದು ಬಣ್ಣದ ಒಂದು ಜೇನು ಎಲೆ ಅಂಚಿಗೆ ಬಂದು ಕೂತು, ಆರು ಕಾಲಲ್ಲೂ ತಬ್ಕೊಂಡು, ಕೈವಾರ ತಿರುಗಿಸಿದ ಹಾಗೆ ಸುತ್ತ ಕತ್ತರಿಸ್ತು. ಕೆಲವೇ ಸೆಕೆಂಡು. ತುಂಡು ಬಿಡೋ ಹೊತ್ತಿಗೆ ರೆಕ್ಕೆ ಬಡಿತಾ ಇತ್ತು, ಎಲೆಯನ್ನ ಹೊಟ್ಟೆ ಕೆಳಗೆ ಸುರುಳಿ ಮಾಡ್ಕೊಂಡು ಹಂಗೇ ಹಾರಿ ಹೋಯ್ತು. ಎಲೆ ಕತ್ತರಿಸೋ ಜೇನು ಅದು. ತಿನ್ನೋಕಲ್ಲ, ಮರದ ತೂತಲ್ಲೋ ಟೊಳ್ಳು ಕಡ್ಡೀಲೋ ಮರಿಗೆ ಎಲೆಯ ತೊಟ್ಟಿಲು ಮಾಡೋಕೆ. ಉದ್ದನೆ ತುಂಡು ಗೋಡೆಗೆ, ದುಂಡನೆ ತುಂಡು ಮುಚ್ಚಳಕ್ಕೆ. ಗಿಡಕ್ಕೆ ಅದರಿಂದ ಏನೂ ಆಗಲ್ಲ, ಆ ಔಷಧಿ ಹೊಡೆದಿದ್ದಕ್ಕೆ ನನಗೆ ಈಗ್ಲೂ ಬೇಜಾರಿದೆ.

ಕಿವಿಯನ್ನೂ ಬಳಸಿ

ಟೊಮೆಟೊ ಅಥವಾ ಬದನೆ ಗಿಡ ಇದ್ರೆ ಇದನ್ನ ಖಂಡಿತ ಮಾಡಿ. ಬದನೆ ಹೂವಿನ ಕೇಸರದಲ್ಲಿ ಪರಾಗ ಹೊರಗೆ ಇರಲ್ಲ, ಉಪ್ಪಿನ ಡಬ್ಬಿ ಥರ ಒಳಗೆ ತುಂಬಿರುತ್ತೆ, ತುದೀಲಿ ಸಣ್ಣ ತೂತು. ದೊಡ್ಡ ಕಪ್ಪು ದುಂಬಿ ಬಂದು ಆ ಹಳದಿ ಕೇಸರ ಗಟ್ಟಿಯಾಗಿ ಹಿಡ್ಕೊಂಡು, ರೆಕ್ಕೆ ಬಡೀದೆ ಬರೀ ರೆಕ್ಕೆಯ ಸ್ನಾಯುಗಳನ್ನ ನಡುಗಿಸುತ್ತೆ. ಹಾರೋವಾಗಿನ ಗುಂಯ್ ಸದ್ದು ಇದ್ದಕ್ಕಿದ್ದಂತೆ ಏರಿ ಸಣ್ಣಗೆ ಝೀಂಯ್ ಅನ್ನುತ್ತೆ, ಇಡೀ ಹೂವು ನಡುಗುತ್ತೆ, ಪುಡಿ ಉದುರಿ ಅದರ ಹೊಟ್ಟೆ ಮೇಲೆ ಬೀಳುತ್ತೆ. ಗೂಡಿನ ಜೇನಿಗೆ ಈ ವಿದ್ಯೆ ಬರಲ್ಲ. ಕಣ್ಣು ಮುಚ್ಕೊಂಡು ಕೂತ್ರೂ ಸದ್ದು ಬದಲಾದಾಗ ಗೊತ್ತಾಗುತ್ತೆ, ಈಗ ಪರಾಗ ಉದುರ್ತಿದೆ ಅಂತ.

ಪ್ರಾಣಿ ಕಾಣದಿದ್ರೆ ಗುರುತು ಹುಡುಕಿ

ಬಂದು ಹೋದೋರು ಏನಾದ್ರೂ ಬಿಟ್ಟಿರ್ತಾರೆ. ಗೋಡೆ ಮೇಲೋ ಕಡ್ಡಿ ಮೇಲೋ ಪುಟ್ಟ ಮಣ್ಣಿನ ಮಡಕೆ ಕಂಡ್ರೆ ಒಂದು ಜಾತಿ ಕಣಜದ್ದು, ಅದರೊಳಗೆ ಕುಟುಕಿ ಅಲ್ಲಾಡದ ಹಾಗೆ ಮಾಡಿದ ಮರಿಹುಳಗಳನ್ನ ತನ್ನ ಮರಿಗೆ ಊಟ ಅಂತ ಇಟ್ಟಿರುತ್ತೆ. ಅಂದ್ರೆ ನಿಮ್ಮ ಗಿಡ ತಿನ್ನೋ ಹುಳ ಕಮ್ಮಿ ಮಾಡ್ತಿದೆ, ಒಡೀಬೇಡಿ. ಚಿಗುರಲ್ಲಿ ಹಸಿರು ಹೇನು ಮುತ್ಕೊಂಡಿದ್ರೆ ಅಲ್ಲೇ ಮುಳ್ಳುಮುಳ್ಳಾಗಿ ಓಡಾಡೋ ಚಿಕ್ಕ ಹುಳ ಇದ್ಯಾ ನೋಡಿ, ಚುಕ್ಕಿ ಚುಕ್ಕಿ ಗುಲಗಂಜಿ ಹುಳದ ಮರಿ ಅದು, ಹೇನುಗಳನ್ನ ತಿಂತಾ ಇರುತ್ತೆ.

ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅನ್ಸಿದ್ರೆ ಹತ್ತಿರ ಹೋಗಿ ನೋಡಿ, ಎಷ್ಟೋ ಸಲ ಅದು ಚಿಟ್ಟೆಯ ಮರಿಹುಳ. ಬೆಳೆದ ಮೇಲೆ ಹಸಿರಾಗುತ್ತೆ, ಕಡ್ಡೀಲಿ ಮೆಲ್ಲಗೆ ಮುಟ್ಟಿದ್ರೆ ತಲೆ ಹಿಂದಿಂದ ಕವಲಾದ ಎರಡು ಕೊಂಬು ಹೊರಗೆ ಚಾಚಿ ಕೆಟ್ಟ ವಾಸನೆ ಬಿಡುತ್ತೆ. ಒಂದು ಸಲ ನೋಡಿ ಸಾಕು, ಪದೇ ಪದೇ ಕಾಡಿಸಬೇಡಿ.

ಕತ್ತಲಾದ್ಮೇಲೆ ಒಮ್ಮೆ ಟಾರ್ಚ್ ಹಿಡ್ಕೊಂಡು ಹೋಗಿ. ಹಗಲಲ್ಲಿ ಕಾಣದ ಪತಂಗ, ಕಪ್ಪೆ, ಹಲ್ಲಿ, ಬಸವನಹುಳು ಎಲ್ಲ ಆಗ. ಕೆಲವು ಒಂಟಿ ಜೇನುಗಳ ಗಂಡುಗಳಿಗೆ ಮಲಗೋಕೆ ಗೂಡಿರಲ್ಲ, ಒಣ ಕಡ್ಡಿಯನ್ನ ದವಡೇಲಿ ಕಚ್ಕೊಂಡು ಸಾಲಾಗಿ ಹಾಗೇ ನಿದ್ದೆ ಮಾಡ್ತಾವೆ. ಬೆಳಕು ಜಾಸ್ತಿ ಹೊತ್ತು ಬಿಡಬೇಡಿ.

ಬರೆದಿಡಿ, ಸ್ವಲ್ಪ ಜಾಗ ಬಿಡಿ

ದಿನಾಂಕ, ಹೊತ್ತು, ಯಾವ ಹೂವು, ಯಾರು ಬಂದ್ರು, ಎಷ್ಟು ಸಲ. ಹೆಸರು ಗೊತ್ತಿಲ್ದಿದ್ರೆ "ಹಸಿರು ಮಿಂಚೋ ಪುಟ್ಟದು" ಅಂತ ಬರೆದ್ರೂ ಆಯ್ತು. ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದ್ರೆ ಫೋಟೋಗಿಂತ ಚೆನ್ನಾಗಿ ತಿಳಿಯುತ್ತೆ, ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದ್ರೆ ಗುರುತಿಸೋಕೆ ಗೊತ್ತಿರೋರು ಸಹಾಯ ಮಾಡ್ತಾರೆ.

ನೋಡ್ತಾ ನೋಡ್ತಾ ತೋಟ ಮಾಡೋ ರೀತೀನೂ ಬದಲಾಗುತ್ತೆ. ಒಂಟಿ ಜೇನುಗಳಲ್ಲಿ ಹೆಚ್ಚಿನವು ನೆಲದಲ್ಲೇ ಬಿಲ ಮಾಡೋದು, ಅದಕ್ಕೆ ಬಿಸಿಲು ಬೀಳೋ ಒಂದು ಮೂಲೇಲಿ ಮಣ್ಣನ್ನ ಅಗೀದೆ, ಮುಚ್ಚದೆ ಹಾಗೇ ಬಿಡಿ. ಅಗಲದ ತಟ್ಟೇಲಿ ಕಲ್ಲು ಹಾಕಿ, ಕಲ್ಲು ಮುಳುಗದಷ್ಟು ನೀರಿಡಿ, ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸಿದ್ರೆ ಸೊಳ್ಳೆ ಆಗಲ್ಲ. ಹೂವು ಬಿಟ್ಟಿರೋ ಗಿಡಕ್ಕೆ ಕೀಟನಾಶಕ ಬೇಡವೇ ಬೇಡ.

ಹೂವಿನ ಮೇಲಿರೋ ಜೇನು ತನ್ನ ಕೆಲಸದಲ್ಲಿರುತ್ತೆ, ಕೈಯಲ್ಲಿ ಹಿಡಿಯೋಕೆ, ಬಡಿಯೋಕೆ ಹೋಗದಿದ್ರೆ ಸಾಮಾನ್ಯವಾಗಿ ಕುಟುಕಲ್ಲ, ಗಂಡು ಜೇನಿಗಂತೂ ಕೊಂಡೀನೇ ಇಲ್ಲ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. ಕುಟುಕಿದ್ರೆ ಮುಳ್ಳನ್ನ ಬೇಗ ತೆಗೀರಿ, ಉಸಿರಾಟ ಕಷ್ಟ ಆದ್ರೆ, ತುಟಿ ನಾಲಿಗೆ ಊದಿಕೊಂಡ್ರೆ ಕಾಯದೆ ಆಸ್ಪತ್ರೆಗೆ ಓಡಿ.

ನನ್ನ ಪುಸ್ತಕದ ಮೊದಲ ಪುಟದಲ್ಲಿ "ಜೇನು ಮೂರು, ನೊಣ ಒಂದು" ಅಂತಷ್ಟೇ ಇದೆ. ಅದೇ ಗಿಡ, ಅದೇ ಹೊತ್ತು, ಈಗ ಒಂದು ಬೆಳಗ್ಗೆಗೆ ಒಂದು ಪುಟ ಸಾಲಲ್ಲ.